ರಕ್ತ ಬರುವ ಕಡೆಯೇ ಬ್ರಷ್ ಆಡಬೇಕು

ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಂಡರೆ ನಮ್ಮಲ್ಲಿ ಬಹಳಷ್ಟು ಜನ ಆ ಭಾಗವನ್ನು ಉಜ್ಜುವುದನ್ನೇ ಬಿಟ್ಟುಬಿಡುತ್ತಾರೆ. ವಸಡಿಗೆ ಗಾಯವಾಗಿದೆ, ನಾಲ್ಕು ದಿನ ಸುಮ್ಮನೆ ಬಿಟ್ಟರೆ ಮಾಯುತ್ತದೆ ಎಂಬುದು ಅವರ ಎಣಿಕೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ರಕ್ತಕ್ಕೆ ಕಾರಣ ಬ್ರಷ್ ಅಲ್ಲ, ಬ್ರಷ್ ತಲುಪದೆ ವಸಡಿನ ಅಂಚಿನಲ್ಲಿ ಉಳಿದುಹೋದ ಪಾಚಿ. ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸಡು ಆರೋಗ್ಯವಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು, ಮತ್ತೆ ಉಜ್ಜಲು ತೊಡಗಿದಾಗ ಮೊದಲಿನಂತಾಯಿತು.

ಹೀಗೆ ಹಿಂದಿರುಗಲು ಸಾಧ್ಯವಿರುವುದು ಆರಂಭದ ಹಂತದಲ್ಲಿ ಮಾತ್ರ. ಮೆತ್ತಗಿನ ಪಾಚಿ ಕೆಲವೇ ದಿನಗಳಲ್ಲಿ ಜೊಲ್ಲಿನ ಖನಿಜಗಳನ್ನು ಹೀರಿ ಕಿಟ್ಟವಾಗಿ ಗಟ್ಟಿಯಾಗುತ್ತದೆ. ಕೆಲವು ಜೊಲ್ಲುಗ್ರಂಥಿಗಳ ಬಾಯಿ ತೆರೆಯುವುದು ನಾಲಗೆಯ ಕೆಳಗಾದ್ದರಿಂದ ಕೆಳಸಾಲಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಅದು ಹೆಚ್ಚಾಗಿ ಕಟ್ಟುತ್ತದೆ. ಕನ್ನಡಿಯಲ್ಲಿ ನಾವು ನೋಡದ ಜಾಗವೂ ಅದೇ. ಉರಿಯೂತ ಒಳಗಿಳಿದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು, ಸಾಮಾನ್ಯವಾಗಿ ಮೂರು ಮಿಲಿಮೀಟರಿನೊಳಗಿರುವ ಸಂದು ಆಳವಾಗಿ, ಹಲ್ಲನ್ನು ಹಿಡಿದಿರುವ ಮೂಳೆ ಕರಗತೊಡಗುತ್ತದೆ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಗಟ್ಟಿಯಾದ ಕಿಟ್ಟ ಬ್ರಷ್ಷಿಗೆ ಬಗ್ಗುವುದಿಲ್ಲ, ಅದನ್ನು ದಂತವೈದ್ಯರೇ ತೆಗೆಯಬೇಕು. 'ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಸಡಿಲವಾಯಿತು' ಎಂಬ ದೂರು ಮದುವೆಮನೆಗಳಲ್ಲೂ ಕಿವಿಗೆ ಬೀಳುತ್ತದೆ, ಮತ್ತು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಮೂಳೆ ಮೊದಲೇ ಕರಗಿದ್ದು, ಹಲ್ಲುಗಳನ್ನು ಗಾರೆಯಂತೆ ಒಂದಕ್ಕೊಂದು ಅಂಟಿಸಿದ್ದ ಕಿಟ್ಟ ಹೋದಾಗ ಅಲುಗಾಟ ಗೊತ್ತಾಗುತ್ತದೆ, ಅಷ್ಟೆ. ಹಲ್ಲುಗಳ ನಡುವೆ ಕಾಣುವ ಸಂದು ಕೂಡ ಕಿಟ್ಟ ತುಂಬಿಕೊಂಡಿದ್ದ ಜಾಗವೇ.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ, ಆದರೆ ಅವಸರಕ್ಕೆ ಆಗುವುದಿಲ್ಲ. ಮೃದುವಾದ ಎಳೆಗಳ ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವ ಗೆರೆಗೆ ಸುಮಾರು 45 ಡಿಗ್ರಿ ಓರೆಯಾಗಿಟ್ಟು, ಒತ್ತದೆ, ಸಣ್ಣದಾಗಿ ಅಲುಗಿಸುತ್ತ ಒಳಬದಿ ಹೊರಬದಿಗಳೆರಡನ್ನೂ ದಿನಕ್ಕೆ ಎರಡು ಬಾರಿ ಉಜ್ಜಬೇಕು. ರಾತ್ರಿ ಮಲಗುವ ಮುಂಚಿನದನ್ನು ತಪ್ಪಿಸಬಾರದು. ಹಲ್ಲುಗಳ ನಡುವಣ ಸಂದಿಗೆ ಫ್ಲಾಸ್ ದಾರವೋ ಸಂದಿಗಾಗಿಯೇ ಇರುವ ಪುಟ್ಟ ಬ್ರಷ್ಷೋ ಬೇಕು, ಗುಂಡುಪಿನ್ನು ಬೇಡ. ಇದ್ದಿಲು, ಇಟ್ಟಿಗೆ ಪುಡಿಗಳು ಹಲ್ಲನ್ನು ಸವೆಸುತ್ತವೆಯೇ ಹೊರತು ವಸಡಿಗೆ ಉಪಕಾರ ಮಾಡುವುದಿಲ್ಲ. ಬೇವಿನ ಕಡ್ಡಿಯ ಬಗ್ಗೆ ನನಗೆ ಗೌರವವಿದೆಯಾದರೂ ಅದು ದವಡೆ ಹಲ್ಲುಗಳ ಒಳಬದಿಗೆ ಸರಿಯಾಗಿ ಎಟುಕುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರಂತೂ ವಸಡನ್ನು ಕಡೆಗಣಿಸಲೇಬಾರದು: ಹತೋಟಿಯಲ್ಲಿಲ್ಲದ ಸಕ್ಕರೆ ವಸಡಿನ ರೋಗವನ್ನು ಹೆಚ್ಚಿಸುತ್ತದೆ, ವಸಡಿನ ಉರಿಯೂತ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ಬೀಡಿ, ಸಿಗರೇಟು ಸೇದುವವರ ಅಪಾಯ ಬೇರೆ ಬಗೆಯದು. ಅವರಲ್ಲಿ ರೋಗ ಹೆಚ್ಚು, ರಕ್ತ ಒಸರುವುದು ಮಾತ್ರ ಕಡಿಮೆ, ಆದ್ದರಿಂದ ಒಳಗೆ ಮೂಳೆ ಕರಗುತ್ತಿದ್ದರೂ ಎಚ್ಚರಿಕೆಯ ಚಿಹ್ನೆ ಕಾಣದೆ ಹೋಗಬಹುದು. ಅಂಥವರು ರಕ್ತಕ್ಕಾಗಿ ಕಾಯದೆ, ವರ್ಷಕ್ಕೊಮ್ಮೆಯಾದರೂ ದಂತವೈದ್ಯರಲ್ಲಿಗೆ ಹೋಗಿ ವಸಡಿನ ಸಂದಿನ ಆಳವನ್ನು ಅಳತೆಗೋಲಿನಿಂದ ಅಳೆಸಿಕೊಳ್ಳಬೇಕು.