ಸೀರೆ ಚೆನ್ನಾಗಿದೆ, ಕೋನ ತಪ್ಪಿದೆ

ನಾನು ಎರಡನೆಯ ಬಿ.ಎಸ್ಸಿ.ಯಲ್ಲಿದ್ದಾಗ, ಕಾಲೇಜು ದಿನಾಚರಣೆಯ ಬೆಳಿಗ್ಗೆ, ಅಮ್ಮನ ಹಸಿರು ಮೈಸೂರು ರೇಷ್ಮೆ ಸೀರೆ ಉಟ್ಟು ರೆಕಾರ್ಡ್ ಪುಸ್ತಕ ಪಡೆಯಲು ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಹೋಗಿದ್ದೆ. ಮಧ್ಯಾಹ್ನ ಸೀರೆ ಸ್ಪರ್ಧೆಯಿತ್ತು. ಮೇಡಂ ತಲೆಯೆತ್ತಿ ನೋಡಿ, "ಸೀರೆ ಬಹಳ ಚೆನ್ನಾಗಿದೆ ಕಣಮ್ಮ, ಕೋನ ತಪ್ಪಿದೆ" ಎಂದರು. ಪ್ರಿಸಮ್ಮಿನ ಪ್ರಯೋಗದಲ್ಲಿ 38 ಡಿಗ್ರಿ 47 ಮಿನಿಟನ್ನು ನಾನು 38.47 ಡಿಗ್ರಿ ಎಂದು ಬರೆದು ಲೆಕ್ಕ ಮಾಡಿದ್ದೆ. ಕೋನದ ಅಳತೆಯಲ್ಲಿ ಒಂದು ಡಿಗ್ರಿಗೆ 60 ಮಿನಿಟು, ಹಾಗಾಗಿ 47 ಮಿನಿಟೆಂದರೆ 0.78 ಡಿಗ್ರಿ ಎಂಬುದು ಹೊಳೆದೇ ಇರಲಿಲ್ಲ.

ಅದೇ ಪ್ರಯೋಗದಲ್ಲಿ ಪಠ್ಯಪುಸ್ತಕದ ಉತ್ತರಕ್ಕೆ ಹೊಂದದ ಫಲಿತಾಂಶವನ್ನು ತಿದ್ದದೆ, ಬಂದದ್ದನ್ನು ಬಂದಂತೆಯೇ ಬರೆದಿದ್ದ ಗೆಳತಿಗೆ ಅವರು ನಮ್ಮೆಲ್ಲರಿಗಿಂತ ಹೆಚ್ಚು ಅಂಕ ಕೊಟ್ಟಿದ್ದರು. ಆ ಹುಡುಗಿ ವಾರವಿಡೀ ಎರಡೇ ಲಂಗ ದಾವಣಿಯಲ್ಲಿ ಕಾಲೇಜಿಗೆ ಬರುತ್ತಿದ್ದಳು. ನಾವು ಅದನ್ನು ಎಣಿಸುತ್ತಿದ್ದೆವು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಮೇಡಂಗೆ ಅಲಂಕಾರದ ಮೇಲೆ ಸಿಟ್ಟೇನೂ ಇರಲಿಲ್ಲ. ಮುಡಿಯಲ್ಲಿ ಮಲ್ಲಿಗೆ ತಪ್ಪುತ್ತಿರಲಿಲ್ಲ, ಸೆರಗಿಗೆ ಸೀಮೆಸುಣ್ಣದ ಪುಡಿಯೂ ತಪ್ಪುತ್ತಿರಲಿಲ್ಲ. ಅಂದು ವೇದಿಕೆಯ ಮೇಲೆ ಅತಿಥಿಗಳೊಬ್ಬರು ನಮ್ಮನ್ನು "ಕಾಲೇಜಿನ ಅಲಂಕಾರ" ಎಂದು ಹೊಗಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೇಡಂ ಮಾತ್ರ ಕೈ ಕಟ್ಟಿ ಕುಳಿತಿದ್ದರು.

ಮುಂದಿನ ವರ್ಷ ವಿದ್ಯುತ್ಕಾಂತೀಯ ಅಲೆಗಳ ಪಾಠದ ನಡುವೆ ಅವರು ರಾಜೇಶ್ವರಿ ಚಟರ್ಜಿಯವರ ಕಥೆ ಹೇಳಿದರು. 1922ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ವಿದ್ಯಾರ್ಥಿವೇತನದ ಬಲದಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದ ಅವರು, ಡಾಕ್ಟರೇಟ್ ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿ, ಪತಿಯೊಡನೆ ಮೈಕ್ರೋವೇವ್ ಸಂಶೋಧನೆಗೆ ಅಲ್ಲಿ ನೆಲೆ ಕಲ್ಪಿಸಿದರು. ನಮ್ಮೂರ ರೇಡಿಯೋ ರಿಪೇರಿ ಅಂಗಡಿಯಲ್ಲೂ ಹೆಂಗಸರನ್ನು ಕಾಣದಿದ್ದ ನಮಗೆ ಇದು ಬೆರಗಿನ ಸಂಗತಿ. ಹಿಂದಿನ ಬೆಂಚಿನಿಂದ ಯಾರೋ, "ಅವರು ನೋಡೋಕೆ ಹೇಗಿದ್ದರು ಮೇಡಂ?" ಎಂದು ಕೇಳಿದರು. ಮೇಡಂ ಬೋರ್ಡಿನತ್ತ ತಿರುಗಿ, "ಆಂಟೆನಾಗಳ ಮೇಲೆ ಪುಸ್ತಕ ಬರೆದಿದ್ದಾರೆ" ಎಂದು ಪಾಠ ಮುಂದುವರಿಸಿದರು.

ಅಂದ ಹಾಗೆ, ಆ ಸೀರೆ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ಸ್ಟೀಲಿನ ಲೋಟ ಎಲ್ಲಿ ಹೋಯಿತೋ ತಿಳಿಯದು, ಸೀರೆಯನ್ನು ಮಗಳು ಕೇಳಿ ತೆಗೆದುಕೊಂಡಳು. ಕೆಂಪು ಶಾಯಿಯಲ್ಲಿ 38.78 ಎಂದು ತಿದ್ದಿದ ರೆಕಾರ್ಡ್ ಪುಸ್ತಕ ಮಾತ್ರ ನನ್ನ ಬೀರುವಿನಲ್ಲಿದೆ.