ಗಾಳಿ ಜಾಸ್ತಿಯಾದರೆ ಪಾಕ ತಡ

ಅಮೆರಿಕದ ವರ್ಮಾಂಟ್‌ನಲ್ಲಿ ನನಗಿದು ಮೂರನೇ ಸೀಸನ್. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಮೇಪಲ್ ಸಿರಪ್ ಕಾಯಿಸುವ ಒಂದು ಸಣ್ಣ ಶೆಡ್‌ನಲ್ಲಿ ಒಲೆ ನೋಡಿಕೊಳ್ಳುತ್ತೇನೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು ಇದ್ದರೆ ಮೇಪಲ್ ಮರ ರಸ ಬಿಡುತ್ತದೆ. ಮಂಡ್ಯ ಕಡೆಯ ಆಲೆಮನೆಯಲ್ಲಿ ಬೆಳೆದ ನನ್ನ ಬಾಯಲ್ಲಿ ಅದು ಈಗಲೂ 'ಹಾಲು' ಅಂತಲೇ ಬರುತ್ತದೆ. ಆದರೆ ಕಬ್ಬಿನ ಹಾಲಿಗೂ ಇದಕ್ಕೂ ಎಲ್ಲಿಯ ಹೋಲಿಕೆ! ಇದರಲ್ಲಿ ಸಕ್ಕರೆ ಶೇ. 2ರಷ್ಟು, ಉಳಿದದ್ದೆಲ್ಲ ನೀರು. ಸುಮಾರು 40 ಗ್ಯಾಲನ್ ಕಾಯಿಸಿದರೆ 1 ಗ್ಯಾಲನ್ ಸಿರಪ್. ಹಾಗಾಗಿ ಇಲ್ಲಿ ನಮ್ಮ ಕೆಲಸವೆಲ್ಲ ನೀರನ್ನು ಬೇಗ ಓಡಿಸುವುದೇ.

ನಮ್ಮ ಒಲೆ 2 ಅಡಿ ಅಗಲ, 6 ಅಡಿ ಉದ್ದ. ಅದರ ಮೇಲೆ ಹಿಂಬದಿಗಿರುವ ಪ್ಯಾನಿನ ತಳ ಮಡಿಕೆ ಮಡಿಕೆಯಾಗಿದೆ, ಬೆಂಕಿಯ ಬಿಸಿ ಆ ಮಡಿಕೆಗಳ ನಡುವೆ ಹಾದು ಚಿಮಣಿ ಸೇರುತ್ತದೆ. ಸೌದೆ ಉರಿಯುವ ಸರಳುಗಳ ಕೆಳಗೆ ಬ್ಲೋವರ್ ಗಾಳಿ ಊದುತ್ತದೆ.

ಮೊದಲ ವರ್ಷ ಒಂದು ಶನಿವಾರ ರಸದ ಟ್ಯಾಂಕ್ ತುಂಬಿ ತುಳುಕುತ್ತಿತ್ತು. ಬೇಗ ಮುಗಿಸೋಣ ಅಂತ ಬ್ಲೋವರ್ ಪೂರ್ತಿ ತೆರೆದೆ. ಒಲೆ ಗೂಳಿಯ ಹಾಗೆ ಗುಟುರು ಹಾಕಿತು. ಚಿಮಣಿಯ ಬುಡ ಕೆಂಪಗಾಯಿತು. ನನಗೋ ಖುಷಿ. ಒಂದು ಗಂಟೆ ಬಿಟ್ಟು ಟ್ಯಾಂಕಿನ ಗೆರೆ ನೋಡಿದರೆ ಇಳಿದಿದ್ದು 31 ಗ್ಯಾಲನ್. ಮಾಮೂಲಿ ದಿನ 38 ಇಳಿಯುತ್ತಿತ್ತು! ಸೌದೆ ಮಾತ್ರ ಒಂದೂವರೆ ಪಟ್ಟು ಖರ್ಚಾಗಿತ್ತು.

ಶೆಡ್ಡಿನ ಯಜಮಾನರು ಬಂದು ಕೆಳಗಿನ ಗಾಳಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, "ಒಲೆಯ ಸದ್ದು ಕೇಳಿ ಮೋಸಹೋಗಬೇಡ, ಚಿಮಣಿ ತುದಿ ನೋಡು" ಅಂದರು. ಆಮೇಲೆ ಅರ್ಥವಾಯಿತು. ಗಾಳಿ ಜೋರಾದರೆ ಬಿಸಿ ಪ್ಯಾನಿನ ಕೆಳಗೆ ನಿಲ್ಲುವುದೇ ಇಲ್ಲ, ಮಡಿಕೆಗಳನ್ನು ಮುಟ್ಟಿದಂತೆ ಮಾಡಿ ಚಿಮಣಿಯಲ್ಲಿ ಓಡಿಹೋಗುತ್ತದೆ. ಬೇಡದ ಗಾಳಿಯನ್ನು ಬಿಸಿ ಮಾಡುವುದಕ್ಕೂ ನಮ್ಮದೇ ಸೌದೆ ಸುಡಬೇಕು. ಹಾಗಂತ ಗಾಳಿ ತೀರಾ ಕಡಿಮೆಯಾದರೆ ಕಪ್ಪು ಹೊಗೆ. ಹೊಗೆ ಅಂದರೆ ಉರಿಯದೆ ಹೋದ ಸೌದೆ, ಅಲ್ವಾ? ಅದಕ್ಕೇ ಬೆಂಕಿಯ ಮೇಲ್ಭಾಗದಲ್ಲಿ ಸಣ್ಣ ತೂತುಗಳಿಂದ ಇನ್ನೊಂದು ಪಾಲು ಗಾಳಿ ಬಿಡುತ್ತೇವೆ. ಅದು ಹೊಗೆಯನ್ನು ಅಲ್ಲೇ ಉರಿಸಿಬಿಡುತ್ತದೆ.

ಈಗ ನಾನು ನೋಡುವುದು ಎರಡೇ. ಸೌದೆ ಹಾಕಿದ ಮೇಲೂ ಹೊಗೆ ನಿಲ್ಲದಿದ್ದರೆ ಮೇಲಿನ ಗಾಳಿ ಸ್ವಲ್ಪ ಜಾಸ್ತಿ. ಚಿಮಣಿಯ ಥರ್ಮಾಮೀಟರ್ ಏರುತ್ತಾ ಹೋಗಿ ಪ್ಯಾನಿನ ಕುದಿ ಹಾಗೇ ಇದ್ದರೆ ಕೆಳಗಿನ ಗಾಳಿ ಕಡಿಮೆ. ಕುದಿ ಜೋರಾಗಿ ನೊರೆ ಉಕ್ಕಿದರೆ ಒಂದು ಹನಿ ಹಸುವಿನ ಹಾಲಿನ ಕೆನೆ ಸಾಕು. ನಮ್ಮ ಕೊಪ್ಪರಿಗೆಗೆ ಹರಳೆಣ್ಣೆ ಬಿಟ್ಟ ಹಾಗೇ.

ಇನ್ನೊಂದು ಪೆದ್ದುತನ ಹೇಳಲೇಬೇಕು. ಗಾಳಿ ಹೆಚ್ಚು ಕಡಿಮೆ ಮಾಡಲು ಬಲ್ಬಿಗೆ ಹಾಕುವ ಡಿಮ್ಮರ್ ತಂದು ಬ್ಲೋವರ್‌ಗೆ ಜೋಡಿಸಿದ್ದೆ. ಮೋಟಾರ್ ಗುಂಯ್ ಅಂದಿತು, ಕಾಲು ಗಂಟೆಯಲ್ಲಿ ಸುಟ್ಟ ವಾಸನೆ. ಆ ಥರದ ಮೋಟಾರಿಗೆ ಡಿಮ್ಮರ್ ಆಗಿಬರುವುದಿಲ್ಲ. ಈಗ ಗಾಳಿ ಒಳಗೆ ಬರುವ ಬಾಯಿಗೆ ಒಂದು ತಗಡಿನ ಜಾರುಬಾಗಿಲು ಇದೆ, ಅಷ್ಟೇ. ಬಾಯಿ ಮುಚ್ಚಿದರೆ ಮೋಟಾರಿಗೆ ಭಾರ ಜಾಸ್ತಿ ಅಂತ ನಾನೂ ಅಂದುಕೊಂಡಿದ್ದೆ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದರೆ ಆಂಪಿಯರ್ ಇಳಿಯಿತು. ತಳ್ಳಲು ಗಾಳಿಯೇ ಕಡಿಮೆ ಇದ್ದರೆ ಚಕ್ರಕ್ಕೆ ಕೆಲಸವೂ ಕಡಿಮೆ.

ಸೌದೆ ಹಾಕಲು ಒಲೆಯ ಬಾಗಿಲು ತೆಗೆಯುವ ಮುಂಚೆ ಬ್ಲೋವರ್ ಆಫ್ ಮಾಡುವುದು ನನಗೆ ಯಾರೂ ಕಲಿಸಬೇಕಾಗಿ ಬರಲಿಲ್ಲ. ಒಂದು ಸಲ ಮರೆತೆ. ಎಡಗಡೆಯ ಹುಬ್ಬು ಮತ್ತೆ ಬೆಳೆಯುವಷ್ಟರಲ್ಲಿ ಸೀಸನ್ ಮುಗಿದಿತ್ತು.