ಚೋಕ್ ಗುಂಡಿ

ಇಂದು ಕಾಕಾ ಅವರ ಎಂಜಿಬಿ ಸ್ಪೋರ್ಟ್ಸ್ ಕಾರಿನಿಂದ ಎಂಜಿನ್ ಇಳಿಸಿದೆವು.

1798 ಸಿಸಿಯ ಆ ಕಬ್ಬಿಣದ ಭಾರ ಚೈನ್ ಪುಲ್ಲಿಯಿಂದ ಹಲಗೆಯ ಮೇಲೆ ಇಳಿಯುವಷ್ಟರಲ್ಲಿ ಕಾರಿನ ಮೂತಿ ಮೇಲೆದ್ದಿತ್ತು. ನೊಗ ಇಳಿಸಿದ ಎತ್ತಿನ ಹಾಗೆ.

ಅಲ್ಲಿ ಇನ್ನು ವಿದ್ಯುತ್ ಮೋಟಾರ್. ಗೇರ್‌ಬಾಕ್ಸ್ ಹಾಗೆಯೇ ಉಳಿಯುತ್ತದೆ. 3.2 ವೋಲ್ಟಿನ 30 ಬ್ಯಾಟರಿ ಸೆಲ್‌ಗಳು ಸಾಲಾಗಿ ಸೇರಿದರೆ 96 ವೋಲ್ಟ್, ಲೆಕ್ಕ ಸುಲಭ. ಮೋಟಾರ್, ಗೇರ್‌ಬಾಕ್ಸ್‌ಗಳ ಎರಡು ಶಾಫ್ಟ್‌ಗಳನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಕೂಡಿಸುವುದೇ ಕಷ್ಟ. ತಪ್ಪಿದರೆ ಬೇರಿಂಗ್ ಉಳಿಯುವುದಿಲ್ಲ. ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಸಂಸ್ಥೆ ಎಆರ್‌ಎಐ ಇರುವ ಗುಡ್ಡ ಪುಣೆಯ ಕೊಥ್ರೂಡಿನ ನಮ್ಮ ಶೆಡ್ಡಿನಿಂದಲೇ ಕಾಣುತ್ತದೆ. ಆದರೂ ಆರ್‌ಟಿಒ ಒಪ್ಪಿ ನೋಂದಣಿ ಪತ್ರದಲ್ಲಿ (ಆರ್‌ಸಿ) ಇಂಧನ ಬದಲಿಸುವವರೆಗೆ ಕಾರು ಗೇಟು ದಾಟುವುದಿಲ್ಲ.

ನನ್ನ ಕೈ ಕಟ್ಟಿದ್ದು ಮಾತ್ರ ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ.

ಕಪ್ಪು ಗುಂಡಿ. ಮೇಲಿನ ಬಿಳಿ ಅಕ್ಷರ ಅರ್ಧ ಅಳಿಸಿದೆ. ಡಿಸೆಂಬರಿನ ಪುಣೆಯ ಬೆಳಗುಗಳಲ್ಲಿ ಕಾಕಾ ಅದನ್ನು ಎರಡು ಬೆರಳಲ್ಲಿ ಎಳೆದು, ಎಂಜಿನ್ ಕೆಮ್ಮಿ ಎದ್ದೇಳುವವರೆಗೆ ಉಸಿರು ಹಿಡಿದು ಕೂರುತ್ತಿದ್ದರು. ಬೆಚ್ಚಗಾದ ಹಾಗೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತಿದ್ದರು. ನಿದ್ದೆಯ ಮಗುವನ್ನು ಶಾಲೆಗೆ ಎಬ್ಬಿಸುವಷ್ಟು ತಾಳ್ಮೆ.

ಮೋಟಾರಿಗೆ ಚೋಕ್ ಬೇಡ. ನಿದ್ದೆಯಿಂದ ಅದನ್ನು ಯಾರೂ ರಮಿಸಿ ಎಬ್ಬಿಸಬೇಕಾಗಿಲ್ಲ.

"ತೆಗೆದುಬಿಡಲೇ ಕಾಕಾ?" ಎಂದೆ.

ಅವರು ಗುಂಡಿಯನ್ನು ಒಮ್ಮೆ ಎಳೆದರು. ಆಚೆ ಬದಿಯಲ್ಲಿ ಬರಿಯ ತಂತಿ ಅಲ್ಲಾಡಿತು.

"ಇರಲಿ ಬಿಡಪ್ಪ."

ಇರುತ್ತದೆ. ಅದರ ಹಿಂದೆ ಒಂದು ಸ್ವಿಚ್ ಕೂರಿಸುತ್ತೇನೆ. ಕಾಕಾ ಆ ಗುಂಡಿ ಎಳೆದ ಮೇಲೆಯೇ ಕಾರು ಎಚ್ಚರಗೊಳ್ಳಬೇಕು.